ಪಾಚುವಿಗೆ ಬಿಸಿನೀರು ಬೇಡ

ಪ್ರಿಯದರ್ಶನಿ ಹೆಂಚಿನ ಮೇಲಿನ ಜೋಳದ ಭಕ್ಕರಿಯನ್ನು ತಿರುವಿ ಹಾಕುತ್ತ ಮಾತು ತೆಗೆದಳು. ಅತ್ತೆ ರಾಜಮತಿ, ಮಾವ ಪದ್ಮಕುಮಾರ, ಗಂಡ ಸೌರಭ ಮೂವರೂ ಊಟಕ್ಕೆ ಕೂತಿದ್ದರು. ಇಚಲಕರಂಜಿಯ ಆ ಮನೆಯಲ್ಲಿ ಮೂವರೂ ಒಟ್ಟಿಗೆ ಸಿಗುವುದು ಮಧ್ಯಾಹ್ನದ ಊಟಕ್ಕೆ ಮಾತ್ರ. ಉಳಿದ ಹೊತ್ತು ಅಪ್ಪ ಮಗ ಇಬ್ಬರೂ ಹೆಚ್ಚಾಗಿ ಮಗ್ಗದ ಶೆಡ್ಡಿನಲ್ಲೇ.

"ಅತ್ತೀ, ಕೊಲ್ಹಾಪುರದಿಂದ ತಮ್ಮಣ್ಣ ಸರ್ ಫೋನ್ ಮಾಡಿದ್ರು. ಅವರ ಅಂಗಡ್ಯಾಗ ಹರಳು ಪರೀಕ್ಷಾ ಮಾಡವರು ಒಬ್ರು ಬೇಕಂತ. ನೀ ಬರ್ತೀ ಏನ ಅಂತ ಕೇಳಿದ್ರು."

"ನೀ ಏನಂದಿ?"

"ಮನ್ಯಾಗ ಕೇಳಿ ಹೇಳ್ತೇನಿ ಅಂದೆ."

"ಕೇಳಿದ್ಯಲ್ಲ, ಆತು. ಬರಂಗಿಲ್ಲ ಅಂತ ಹೇಳ." ರಾಜಮತಿ ಭಕ್ಕರಿ ಮುರಿದು ಮಟಕಿ ಕಾಳಿನ ಉಸಳಿಯಲ್ಲಿ ಅದ್ದಿದರು.

ಮದುವೆಗೆ ಮುಂಚೆ ಪ್ರಿಯದರ್ಶನಿ ಕೊಲ್ಹಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ರತ್ನ ಪರೀಕ್ಷೆಯ ಕೋರ್ಸು ಮಾಡಿದ್ದಳು. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯಾದ ಅವಳ ಅಪ್ಪ ಪಾರೀಸ, ಮಗಳು ಕೇಳಿದ್ದಕ್ಕೆ ಎರಡನೆಯ ಮಾತಾಡದೆ ಕಳಿಸಿದ್ದ. ಅಲ್ಲಿ ಪಾಠ ಹೇಳುತ್ತಿದ್ದ ತಮ್ಮಣ್ಣನಿಗೆ ಗುಜರಿಯಲ್ಲಿ, ಅಂದರೆ ಕೊಲ್ಹಾಪುರದ ಚಿನ್ನಬೆಳ್ಳಿ ಅಂಗಡಿಗಳ ಓಣಿಯಲ್ಲಿ, ಹರಳಿನ ಅಂಗಡಿಯಿತ್ತು. ಕೋರ್ಸು ಮುಗಿದ ವರ್ಷವೇ ಮದುವೆಯಾಯಿತು. ಆಮೇಲೆ ಮಗಳು ಮೃಣಾಲ ಹುಟ್ಟಿದಳು. ಈಗ ಅವಳೂ ಶಾಲೆಗೆ ಹೋಗುತ್ತಿದ್ದಳು. ಹರಳು ನೋಡುವ ಪುಟ್ಟ ಭೂತಗನ್ನಡಿ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಬಿದ್ದಿತ್ತು.

"ದುಡ್ಡಿಗೇನ ಕಡಿಮಿ ಆಗೇತಿ ನಮಗ?" ರಾಜಮತಿ ಮತ್ತೆ ಹೇಳಿದರು. "ಮೃಣಾಲ ಶಾಲಿಂದ ಬಂದ್ರ ಯಾರ ನೋಡವರು? ಈ ಭಕ್ಕರಿ ಯಾರ ಬಡಿಯವರು? ನನ್ನ ಕೈ ಈಗ ಮದಲಿನಂಗ ಇಲ್ಲ."

"ನೋಡೂಣು ಆಯಿ, ಈಗ್ಯಾಕ ಅಷ್ಟ…" ಎಂದ ಸೌರಭ, ತಾಟಿನಿಂದ ತಲೆಯೆತ್ತದೆ.

"ನೋಡೂದೇನ ಐತಿ ಅದರಾಗ? ಶೇಂಗಾ ಹಿಂಡಿ ಹಾಕ್ಲಿ ನಿನಗ?"

ಮಾತು ಅಲ್ಲಿಗೆ ನಿಂತಿತು. ಪ್ರಿಯದರ್ಶನಿ ಕೊನೆಯ ಭಕ್ಕರಿ ಬಡಿದು ಗ್ಯಾಸ್ ಆರಿಸಿದಳು.

ಮುಂದಿನ ವಾರ ರಾಜಮತಿಯ ಹಿರಿಯ ಮಗಳು ಹರ್ಷದಾ ಕೊಲ್ಹಾಪುರದಿಂದ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಳು. ಅವಳ ಮಗಳು ಋತುಜಾಳಿಗೆ ಗಂಡು ಗೊತ್ತಾಗಿತ್ತು. ಹುಡುಗ ಜಿನೇಶ, ಊರು ಗಡಹಿಂಗ್ಲಜ, ಕಾಗಲದ ಒಂದು ಕಾರಖಾನೆಯಲ್ಲಿ ಇಂಜಿನಿಯರ್. ಅವನ ಅಜ್ಜಿಗೆ ದೂರ ಪ್ರಯಾಣ ಆಗುವುದಿಲ್ಲವೆಂದು ನಿಶ್ಚಿತಾರ್ಥವನ್ನು ಗಡಹಿಂಗ್ಲಜದಲ್ಲೇ ಇಟ್ಟುಕೊಂಡಿದ್ದರು.

ರಾಜಮತಿ ಮರುದಿನವೇ ಬ್ಯಾಂಕಿನ ಲಾಕರಿನಿಂದ ಪಚ್ಚೆಯ ಜೋಡು ತರಿಸಿದರು. ಪಚ್ಚೆಗೆ ಆ ಮನೆಯಲ್ಲಿ ಪಾಚು ಎಂದೇ ಹೆಸರು. ಒಂದು ಹಾರ, ಒಂದು ಜೊತೆ ಓಲೆ. ಎರಡೂ ಅವರ ಅತ್ತೆ ಮದುವೆಯಲ್ಲಿ ಅವರಿಗೆ ತೊಡಿಸಿದ್ದು. ಓಲೆ ಮೊಮ್ಮಗಳು ಋತುಜಾಗೆ, ಹಾರ ಮನೆಯಲ್ಲೇ ಇರಲಿ ಎಂದು ಅವರು ನಿರ್ಧರಿಸಿದ್ದರು. ಆದರೆ ಮದುವೆ ಮುಂಜಿಗೆ ತೊಟ್ಟು ಹಾಗೇ ಒಳಗಿಡುತ್ತ ಬಂದದ್ದರಿಂದ ಹರಳುಗಳ ಹಿಂದೆ ಜಿಡ್ಡು ಕೂತು, ಹಸಿರು ಮಂಕಾಗಿ, ಹಳೇ ಬಾಟಲಿಯ ಗಾಜಿನಂತೆ ಕಾಣುತ್ತಿತ್ತು.

ರಾಜಮತಿ ಪಾತೇಲಿಯಲ್ಲಿ ನೀರು ಕುದಿಯಲಿಟ್ಟು ಅಂಟವಾಳ ಕಾಯಿ ಹಾಕಿದರು. ಮೇಲೆ ಒಂದು ಚಮಚ ಸೋಡಾ. ಮನೆಯ ಬಂಗಾರವನ್ನೆಲ್ಲ ಅವರು ತೊಳೆಯುತ್ತಿದ್ದದ್ದೇ ಹೀಗೆ.

"ಅತ್ತೀ, ಪಾಚೂಕ್ಕ ಬಿಸಿನೀರ ಬ್ಯಾಡ್ರಿ," ಎಂದಳು ಪ್ರಿಯದರ್ಶನಿ.

"ಯಾಕ?"

"ಪಾಚೂದಾಗ ಕೂದಲಿನಂಥ ಸೀಳು ಇರತಾವ್ರಿ. ಅದು ಕಾಣಬಾರದು ಅಂತ ಅದರಾಗ ಎಣ್ಣಿ ತುಂಬಿರ್ತಾರ. ಬಿಸಿನೀರಾಗ ಹಾಕಿದ್ರ ಎಣ್ಣಿ ಹೊಂಟ ಹೋಗತೈತಿ, ಹರಳು ಬೆಳ್ಳಗ ಕಾಣತೈತಿ. ಒಮ್ಮೊಮ್ಮೆ ಒಡದೂ ಹೋಗತೈತಿ."

"ನಮ್ಮತ್ತಿ ಕೊಟ್ಟ ಪಾಚು ಸೀಳಿದ್ದು ಅಂತೀ?"

"ಎಲ್ಲಾ ಪಾಚೂದಾಗೂ ಇರತಾವ್ರಿ. ಸೀಳಿಲ್ಲದ್ದು ಸಿಕ್ರ ಇದು ಗಾಜು ಇದ್ದೀತು ಅಂತ ನಾವು ಮದಲ ಸಂಶೆ ಪಡತೇವಿ."

"ಇಷ್ಟ ವರ್ಷ ಈ ಮನಿ ಬಂಗಾರ ತೊಳದಾಕಿ ನಾನು."

"ಬಂಗಾರ ನಿಮ್ಮಷ್ಟ ಚಂದ ಯಾರೂ ತೊಳ್ಯಂಗಿಲ್ಲ. ಆದ್ರ ಇದು ಬಂಗಾರ ಅಲ್ಲಲ್ರಿ."

ರಾತ್ರಿ ತವರಿನಲ್ಲೇ ಉಳಿದಿದ್ದ ಹರ್ಷದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಆಯಿ, ನೀ ಯಾಕ ತ್ರಾಸ ತುಗೋತಿ? ನಮ್ಮ ಮನಿ ಹತ್ರ ಒಂದ ಅಂಗಡ್ಯಾಗ ಮಷಿನ್ ಬಂದೈತಿ. ನೀರಾಗ ಇಟ್ಟ ಬಟನ್ ಒತ್ತಿದ್ರ ಗುಂಯ್ ಅಂತ ನಡಗಿ ಹೊಲಸೆಲ್ಲಾ ಬಿಟ್ಟ ಹೋಗತೈತಿ. ನನ್ನ ಪಾಟಲಿ ಹೆಂಗ ಹೊಳ್ಯಾಕತ್ತಾವ ನೋಡ."

"ಅಕ್ಕಾ, ಆ ಮಷಿನ್ ಅಂತೂ ಬ್ಯಾಡ್ರಿ. ಬಿಸಿನೀರಕಿಂತ ಕೆಟ್ಟ ಅದು. ನಡಗಿಸಿದ್ರ ಸೀಳು ಬೆಳೀತೈತಿ."

ಹರ್ಷದಾ ಕೈಯ ಪಾಟಲಿ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. "ಬಿಸಿನೀರ ಬ್ಯಾಡ, ಮಷಿನ್ ಬ್ಯಾಡ. ಓಲೆ ಋತುಜಾಗ ಹೊಂಟಾವ ಅಂತ ನಿನಗ ಸಂಕಟ ಆಗೇತಿ. ಅದನ್ನ ನೇರ ಹೇಳ."

ಹೊರಗೆ ಪೇಪರು ಓದುತ್ತಿದ್ದ ಪದ್ಮಕುಮಾರ ಪೇಪರು ಕೆಳಗಿಳಿಸಿದರು. ಅಡುಗೆಮನೆಯಲ್ಲಿ ಪಾತೇಲಿಯ ನೀರು ಕೊತಕೊತ ಕುದಿಯುತ್ತಿತ್ತು.

"ಓಲೆ ಋತುಜಾಂದ," ಎಂದಳು ಪ್ರಿಯದರ್ಶನಿ. "ಅದರಾಗ ನನ್ನ ಮಾತೇನಿಲ್ಲ. ಆಕಿ ಕಿವ್ಯಾಗ ಒಡದದ್ದು ಇರಬಾರದು ಅಂತ ಹೇಳಿದ್ನಿ, ಅಷ್ಟ."

ರಾಜಮತಿ ಗ್ಯಾಸ್ ಆರಿಸಿದರು. ಇಬ್ಬರಲ್ಲಿ ಯಾರ ಮಾತು ಖರೆ ಎಂದು ಅವರಿಗೆ ತಿಳಿಯಲಿಲ್ಲ. ಹಾರವನ್ನು ಹಾಗೇ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟರು. ಓಲೆಗಳನ್ನು ಮಗಳ ಕೈಗೆ ಕೊಟ್ಟು, "ನಿನ್ನ ಮಗಳವು. ನಿನಗ ಹೆಂಗ ಬೇಕ ಹಂಗ ಮಾಡ," ಎಂದರು.

ಹರ್ಷದಾ ಹೋದ ಮೇಲೆ ಸೌರಭ ಹೆಂಡತಿಯ ಬಳಿ ಬಂದು ನಿಂತ. ಅವಳು ಕಣಕ ನಾದುತ್ತಿದ್ದಳು.

"ನೀ ಹೇಳೂದ ಹೇಳಿದಿ. ಇನ್ನ ಬಿಡ."

"ನಾ ಹೇಳಿದ್ನಿ. ನೀವೇನ ಹೇಳಿದ್ರಿ?"

ಅವನು ಶೆಡ್ಡಿಗೆ ನೂಲು ಬಂದಿದೆ ಎಂದು ಹೊರಟುಹೋದ.

ಕೆಲವು ದಿನ ಕಳೆದು, ಪ್ರಿಯದರ್ಶನಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಹರ್ಷದಾಳ ಫೋನು ಬಂತು.

"ಪ್ರಿಯಾ, ಒಬ್ಬಾಕಿನ ಇದ್ದೀಯೇನ?"

"ಹೌದ್ರಿ ಅಕ್ಕಾ. ಏನಾತು?"

"ಓಲೆ ಮಷಿನ್ಯಾಗ ಹಾಕಿಸಿದ್ನಿ. ಹೊರಗ ತಗದ್ರ ಹಸರ ಇಲ್ಲ. ಹಾಲ ಹನಿಸಿದಂಗ ಬೆಳ್ಳಗ ಆಗ್ಯಾವ. ಒಂದರಾಗ ಗೆರಿ ಕಾಣಾಕತ್ತೈತಿ. ಅಂಗಡಿಯಾಂವ, ಹರಳ ಮದಲ ಹಿಂಗ ಇತ್ತು ಅಂತಾನ. ಋತುಜಾ ಮುಂಜಾನಿಂದ ಅಳಾಕತ್ತಾಳ."

"ಮತ್ತ ಏನರ ಮಾಡಿದ್ರಿ?"

"ಕೊಬ್ಬರಿ ಎಣ್ಣಿ ಹಚ್ಚೂಣು ಅಂತ…"

"ಬ್ಯಾಡ್ರಿ. ಏನೂ ಹಚ್ಚಬ್ಯಾಡ್ರಿ. ಮೆತ್ತನ ಅರಬ್ಯಾಗ ಬ್ಯಾರೆ ಬ್ಯಾರೆ ಸುತ್ತಿ ಇಡ್ರಿ. ತಗೊಂಡ ಬರ್ರಿ, ನಾ ನೋಡ್ತೇನಿ."

"ಆಯಿಗೆ ಹೇಳಬ್ಯಾಡ."

ಪ್ರಿಯದರ್ಶನಿ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹಾಕಿ, "ನಾ ಆಗಿ ಹೇಳಂಗಿಲ್ಲ," ಎಂದಳು. "ಆದ್ರ ಅತ್ತಿ ಕೇಳಿದ್ರ ಸುಳ್ಳ ಹೇಳೂದು ನನ್ನಿಂದ ಆಗಂಗಿಲ್ಲ. ನೀವ ಹೇಳಿದ್ರ ಚಲೋ."

ಮರುದಿನ ಹರ್ಷದಾ ಬಂದಳು. ನೀರನ್ನೂ ಕುಡಿಯದೆ ಓಲೆಗಳನ್ನು ತಾಯಿಯ ಮುಂದೆ ಮಂಚದ ಮೇಲೆ ಬಿಚ್ಚಿಟ್ಟಳು. ರಾಜಮತಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇವು ನಮ್ಮವಲ್ಲ."

"ನಮ್ಮವ ಆಯಿ."

ರಾಜಮತಿ ಓಲೆಯನ್ನು ಮಗುಚಿ ಹಿಂಬದಿಯನ್ನೂ ನೋಡಿದರು. ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೈಗುಳ ಬಂದೀತೆಂದು ಪದ್ಮಕುಮಾರ ಚಪ್ಪಲಿ ಮೆಟ್ಟಿ ಹೊರಗೆ ಹೊರಟಿದ್ದರು. ಅದು ಬಾರದ್ದನ್ನು ಕಂಡು ಬಾಗಿಲಲ್ಲೇ ನಿಂತರು.

"ಪ್ರಿಯಾನ್ನ ಕರಿ," ಎಂದರು ರಾಜಮತಿ.

ಪ್ರಿಯದರ್ಶನಿ ಹೊಲಿಗೆ ಡಬ್ಬಿಯಿಂದ ಭೂತಗನ್ನಡಿ ತೆಗೆದು, ಸೆರಗಿನಿಂದ ಒರೆಸಿ, ಕಿಟಕಿಯ ಬಳಿ ಹೋದಳು. ಅದನ್ನು ಕಣ್ಣಿಗೆ ಒತ್ತಿಕೊಂಡು ಓಲೆಯನ್ನು ಹತ್ತಿರ ತಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಒಂದು ಹರಳಿನ ಒಳಗೆ ನೋಡುತ್ತಿದ್ದಳು. ಉಳಿದವರು ಅವಳ ಮುಖ ನೋಡುತ್ತಿದ್ದರು.

"ಎಡಗಿವೀದು ಎಣ್ಣಿ ಅಷ್ಟ ಹೋಗೇತಿ. ಬಲಗಿವೀದರಾಗ ಒಂದ ಸೀಳು ಬೆಳದೈತಿ, ಆದ್ರ ಆಚಿ ಕಡಿ ಮುಟ್ಟಿಲ್ಲ. ಒಡದಿಲ್ಲ. ಮತ್ತ ಎಣ್ಣಿ ತುಂಬಸಬಹುದು. ಮದಲಿನಂಗ ಆಗತೈತಿ ಅಂತ ಈಗ ಹೇಳಾಕ ಬರಂಗಿಲ್ಲ. ಆದ್ರ ಹರಳು ಉಳದಾವ್ರಿ ಅತ್ತಿ."

ರಾಜಮತಿ ಎದ್ದು ಕಪಾಟು ತೆರೆದು ಹಾರದ ಡಬ್ಬಿ ತಂದರು. ಸೊಸೆಯ ಮುಂದಿಟ್ಟು, "ಇದನ್ನ ತೊಳಿ," ಎಂದರು. "ನಾ ನೋಡ್ತೇನಿ."

ಪ್ರಿಯದರ್ಶನಿ ಮೊದಲು ಪ್ರತಿ ಹರಳನ್ನು ಹಿಡಿದಿರುವ ಬಂಗಾರದ ಕೊಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಯಾವುದೂ ಸಡಿಲಾಗಿರಲಿಲ್ಲ. ನಲ್ಲಿಯ ಕೆಳಗೆ ತೊಳೆದರೆ ಏನಾದರೂ ಕಳಚಿ ಮೋರಿಗೆ ಬಿದ್ದೀತೆಂದು ಎರಡು ಸ್ಟೀಲಿನ ಬೋಗುಣಿಗಳನ್ನು ಊಟದ ಟೇಬಲ್ಲಿನ ಮೇಲಿಟ್ಟು, ತಳದಲ್ಲಿ ಹಳೇ ಧೋತರದ ತುಂಡು ಹಾಸಿದಳು. ಉಗುರುಬೆಚ್ಚಗಿನ ನೀರು ಸುರಿದು, ಕೂಸಿಗೆ ಎರೆಯುವಾಗ ನೋಡುವಂತೆ ಮಣಿಕಟ್ಟಿನ ಒಳಬದಿ ಅದ್ದಿ ನೋಡಿದಳು. ಒಂದು ಬೋಗುಣಿಗೆ ಸೌಮ್ಯವಾದ ಸಾಬೂನಿನ ಒಂದು ಹನಿ ಬಿಟ್ಟಳು. ಮೃಣಾಲಳಿಗೆಂದು ತಂದಿದ್ದ ಮೆತ್ತನೆಯ ಹೊಸ ಬ್ರಷ್ಷಿನಿಂದ ಹಾರದ ಹಿಂಬದಿಯನ್ನು ಮೆಲ್ಲಗೆ ತಿಕ್ಕಿದಳು.

"ಸೋಡಾ?" ರಾಜಮತಿ ಕೇಳಿದರು.

"ಬ್ಯಾಡ್ರಿ."

"ಲಿಂಬಿಹಣ್ಣು?"

"ಅದೂ ಬ್ಯಾಡ್ರಿ."

"ಹಲ್ಲಿಗೆ ಹಚ್ಚೂ ಪೇಸ್ಟು?"

"ಅದು ಬಂಗಾರಾನೂ ಗೀರತೈತಿ."

"ಮತ್ತ ಇಷ್ಟ?"

"ಇಷ್ಟರೀ. ನೆನಿಯಾಕೂ ಬಿಡಬಾರದು. ಅದ್ದೂದು, ತಿಕ್ಕೂದು, ತಗಿಯೂದು."

ನೀರು ಬೂದಿ ಬಣ್ಣಕ್ಕೆ ತಿರುಗಿತು. ಹಾರವನ್ನು ಎರಡನೆಯ ಬೋಗುಣಿಯಲ್ಲಿ ಆಡಿಸಿ, ಧೋತರದ ಮಡಿಕೆಯಲ್ಲಿಟ್ಟು ಒತ್ತಿ ನೀರು ಹೀರಿಸಿ, ಬಿಸಿಲು ತಾಗದ ಕಡೆ ಬಿಡಿಸಿಟ್ಟಳು. ಸಾಲಾಗಿ ಕೂತ ಹರಳುಗಳಲ್ಲಿ ಎಳೆ ಕಬ್ಬಿನ ಗರಿಯ ಹಸಿರು ಎದ್ದು ಬಂದಿತ್ತು. ಹರ್ಷದಾ ಅಳುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು.

ರಾಜಮತಿ ಬೆರಳ ತುದಿಯಿಂದ ನಡುವಿನ ಹರಳನ್ನು ಮುಟ್ಟಿದರು. "ನನ್ನ ಲಗ್ನದಾಗ ನಮ್ಮತ್ತಿ ನನ್ನ ಕೊರಳಿಗೆ ಹಾಕಿದಾಗ ಇದು ಹಿಂಗ ಇತ್ತು. ನಾನ ಇದನ್ನ ಮರತಬಿಟ್ಟಿದ್ನಿ." ಆಮೇಲೆ ಸೊಸೆಯನ್ನು ನೋಡಿ, "ಗುಜರಿಗೆ ಯಾವಾಗ ಹೋಗೂದು?" ಎಂದರು.

ಮೂವರು ಹೆಂಗಸರೂ ಮರುದಿನ ಬೆಳಗಿನ ಬಸ್ಸಿಗೆ ಕೊಲ್ಹಾಪುರಕ್ಕೆ ಹೋದರು. ತಮ್ಮಣ್ಣ ಓಲೆಗಳನ್ನು ದೀಪದ ಕೆಳಗಿಟ್ಟು ನೋಡಿದ. ತಾನೇನೂ ಹೇಳದೆ ಹಳೇ ಶಿಷ್ಯೆಯನ್ನು ಕೇಳಿದ: "ನಿನಗೇನ ಕಾಣತೈತಿ, ಹೇಳ."

ಅವಳು ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು. ಬಲಗಿವಿಯ ಹರಳಿನ ಸೀಳು ಯಾವ ಮೂಲೆಯಿಂದ ಹೊರಟು ಎಲ್ಲಿ ನಿಂತಿದೆ ಎಂದು ಪೆನ್ಸಿಲ್ಲಿನ ತುದಿಯಿಂದ ತೋರಿಸಿದಳು.

"ಬರೋಬರ," ಎಂದ ತಮ್ಮಣ್ಣ. "ಹರಳು ಬಿಚ್ಚಿ, ಹಗರಕ ಸ್ವಚ್ಛ ಮಾಡಿ, ಸೀಳಿನಾಗಿನ ಗಾಳಿ ತಗದ ದೇವದಾರು ಎಣ್ಣಿ ತುಂಬಬೇಕು. ನಿಶ್ಚಿತಾರ್ಥದ ಮದಲ ಕೊಡ್ತೇನಿ." ಓಲೆಗಳನ್ನು ಡಬ್ಬಿಗೆ ಹಾಕುತ್ತ, "ನಾ ಕೇಳಿದ ಕೆಲಸದ ಸುದ್ದಿ ಏನಾತು?" ಎಂದ.

ಪ್ರಿಯದರ್ಶನಿ ಅತ್ತೆಯ ಕಡೆ ನೋಡಿದಳು.

"ಮದಲ ಓಲೆ ಆಗಲಿ," ಎಂದರು ರಾಜಮತಿ.

ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಕೆಲಸದ ಮಾತೆತ್ತಲಿಲ್ಲ. ರಾಜಮತಿ ಮಾತ್ರ ಬೆಳಿಗ್ಗೆ ತಾವೇ ಮೃಣಾಲಳ ಜಡೆ ಹಾಕತೊಡಗಿದರು. ಒಂದು ಮಧ್ಯಾಹ್ನ ಊಟದ ನಡುವೆ ಸೌರಭ ಕೈ ತಡೆದ.

"ಆಯಿ, ಪ್ರಿಯಾ ಗುಜರಿಗೆ ಹೋಗಲಿ. ಅವತ್ತ ನಾ ಸುಮ್ನ ಕುಂತೆ, ಅದು ತಪ್ಪಾತು. ಮೃಣಾಲ ಶಾಲಿಂದ ಬಂದ್ರ ಶೆಡ್ಡಿಂದ ಮನೀಗಿ ಬರಾಕ ನನಗೇನ ದೂರ ಐತಿ?"

"ಭಕ್ಕರಿ ಬಡದ ಕೊಡವರು ನಮ್ಮ ಓಣ್ಯಾಗ ಅದಾರ," ಪದ್ಮಕುಮಾರ ದನಿಗೂಡಿಸಿದರು. "ನಾನ ಹೋಗಿ ತರತೇನಿ."

"ನೀವು ಭಕ್ಕರಿ ತರಾಕ ಹ್ವಾದ್ರ ನಾಕ ಮಂದಿ ಕೂಡ ಚಹಾ ಕುಡದ ಸಂಜೀಕ ಬರ್ತೀರಿ." ರಾಜಮತಿ ಮಜ್ಜಿಗೆ ಬಡಿಸಿದರು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ನಿಶ್ಚಿತಾರ್ಥದ ಹಿಂದಿನ ದಿನ ಪ್ರಿಯದರ್ಶನಿ ಒಬ್ಬಳೇ ಗುಜರಿಗೆ ಹೋಗಿ ಓಲೆ ತೆಗೆದುಕೊಂಡು ನೇರ ಹರ್ಷದಾಳ ಮನೆಗೆ ಬಂದಳು. ಡಬ್ಬಿ ತೆರೆದಾಗ ಹರ್ಷದಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡು ಓಲೆಗಳಲ್ಲೂ ಹಸಿರು ಮರಳಿತ್ತು. ಬಲಗಿವಿಯ ಗೆರೆ ಭೂತಗನ್ನಡಿ ಹಿಡಿದವರಿಗೆ ಬಿಟ್ಟರೆ ಇನ್ನಾರಿಗೂ ಕಾಣುವಂತಿರಲಿಲ್ಲ.

"ಅವತ್ತ ನಾ ಬಾಯಿಗೆ ಬಂದಂಗ ಅಂದೆ," ಎಂದಳು ಹರ್ಷದಾ. "ಮನಸ್ಸಿನ್ಯಾಗ ಇಟ್ಕೋಬ್ಯಾಡ."

"ಇಟ್ಕೊಂಡಿಲ್ರಿ ಅಕ್ಕಾ. ಋತುಜಾನ್ನ ಕರೀರಿ. ಹೆಂಗ ಜ್ವಾಕಿ ಮಾಡಬೇಕು, ಆಕಿಗೆ ಹೇಳಬೇಕು."

ಋತುಜಾ ಬಂದು ಕೂತಳು. ಪ್ರಿಯದರ್ಶನಿ ಓಲೆಗಳನ್ನು ಅವಳ ಅಂಗೈಯಲ್ಲಿಟ್ಟಳು. "ಪೌಡರು, ಅತ್ತರು ಎಲ್ಲಾ ಮದಲ ಹಚ್ಕೊಂಡ ಕಡೀಕ ಇವನ್ನ ಹಾಕ್ಕೋ. ಒಲಿ ಮುಂದ, ಜಳಕದ ಮನ್ಯಾಗ ಹಾಕ್ಕೊಂಡ ಹೋಗಬ್ಯಾಡ. ತಗದಮ್ಯಾಲ ಮೆತ್ತನ ಅರಬಿಲೆ ಒರಸಿ ಬ್ಯಾರೆ ಚೀಲದಾಗ ಇಡ, ಪಾಟಲಿ ಕೂಡ ಹಾಕಿದ್ರ ಬಡದಾಡತಾವ."

"ಮತ್ತ ಹಸರ ಕಡಿಮಿ ಆದ್ರ, ಮಾಮಿ?"

"ನನ್ನ ಕಡೆ ಬಾ."

ಗಡಹಿಂಗ್ಲಜದ ಮಂಗಲ ಕಾರ್ಯಾಲಯದಲ್ಲಿ ಮರುದಿನ ಜನ ಕಿಕ್ಕಿರಿದಿದ್ದರು. ಉಂಗುರ ತೊಡಿಸುವುದು ಮುಗಿದು ಊಟದ ಪಂಕ್ತಿಗಳು ನಡೆದಿದ್ದವು. ಪ್ರಿಯದರ್ಶನಿಯ ಅಪ್ಪ ಪಾರೀಸ, ಊರಿನವನೆಂದು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೋಳಿಗೆ ಬಡಿಸಲು ನಿಂತಿದ್ದ. ಜಿನೇಶನ ಅಜ್ಜಿ ಕುರ್ಚಿಯಲ್ಲಿ ಕೂತು ಋತುಜಾಳ ಗಲ್ಲ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಓಲೆ ನೋಡುತ್ತಿದ್ದರು. ನೋಡಿದ ಮೇಲೆ ಬೀಗಿತ್ತಿ ರಾಜಮತಿಯ ಕೊರಳಿನ ಹಾರದತ್ತ ಕಣ್ಣು ಹಾಯಿಸಿದರು.

"ಹಳೀ ಪಾಚು ಕಾಣತಾವ್ರಿ."

"ಹೌದ್ರಿ, ನಮ್ಮತ್ತಿ ಕಾಲದವು."

"ಇಷ್ಟ ಹೊಳ್ಯಾಕತ್ತಾವಲ್ಲ. ನನ್ನ ಉಂಗುರದ್ದು ಮಸಕ ಹಿಡದ ಹೋಗೇತಿ. ಬಿಸಿನೀರಾಗ ಹಾಕಿ ತೊಳಿ ಅಂತ ಸೊಸೀಗಿ ಹೇಳಾಕತ್ತೇನಿ."

"ಬಿಸಿನೀರ ಬ್ಯಾಡ್ರಿ," ಎಂದರು ರಾಜಮತಿ ತಟ್ಟನೆ. "ಎಣ್ಣಿ ಹೊಂಟ ಹೋಗತೈತಿ. ಮಷಿನ್ಯಾಗ ಅಂತೂ ಹಾಕಲ ಬ್ಯಾಡ್ರಿ. ಸೋಡಾ ಇಲ್ಲ, ಲಿಂಬಿಹಣ್ಣ ಇಲ್ಲ. ಉಗರಬೆಚ್ಚನ ನೀರು, ಒಂದ ಹನಿ ಸಾಬೂನು, ಮೆತ್ತನ ಬ್ರಷ್. ಅಷ್ಟ."

ಪಕ್ಕದಲ್ಲಿದ್ದ ಹರ್ಷದಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಇದೆಲ್ಲಾ ನಿಮಗ ಹೆಂಗ ಗೊತ್ತು?"

"ನಮ್ಮ ಸೊಸಿ ಕಲತಾಕಿ ಅದಾಳ. ಅಗೋ, ಅಲ್ಲಿ ನಿಂತಾಳಲ್ಲ, ಆಕಿ." ರಾಜಮತಿ ದನಿ ಎತ್ತರಿಸಿದರು. ಸುತ್ತಲಿನ ಹೆಂಗಸರೆಲ್ಲ ತಿರುಗಿ ನೋಡಿದರು. "ಕೊಲ್ಹಾಪುರದಾಗ ಗುಜರಿಯೊಳಗ ತಮ್ಮಣ್ಣನ ಅಂಗಡಿ ಐತಲ್ಲ, ಸೋಮವಾರದಿಂದ ನಮ್ಮ ಪ್ರಿಯದರ್ಶನಿ ಅಲ್ಲಿ ಕುಂದ್ರತಾಳ. ಹರಳು ಆಕಿ ನೋಡಿ ಹೌದು ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ."

ಊಟದ ತಾಟು ಕೈಯಲ್ಲಿ ಹಿಡಿದಿದ್ದ ಪ್ರಿಯದರ್ಶನಿ ನಿಂತಲ್ಲೇ ನಿಂತಳು. ಸೌರಭ ಪಂಕ್ತಿಯ ಆಚೆಯಿಂದ ತಾಯಿಯನ್ನೂ ಹೆಂಡತಿಯನ್ನೂ ನೋಡಿದ. ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಮುದುಕಿ ಊರ ಮುಂದೆ ಹೇಳಿಬಿಟ್ಟಿದ್ದರು. ಇನ್ನು ಅದನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಹೋಳಿಗೆಯ ಬುಟ್ಟಿ ಹಿಡಿದ ಪಾರೀಸ ಬಡಿಸುವುದನ್ನು ಮರೆತು ನಿಂತಿದ್ದ. ಯಾರೋ ತಾಟು ಮುಂದೆ ಮಾಡಿದಾಗ ಒಂದರ ಬದಲು ಮೂರು ಹೋಳಿಗೆ ಹಾಕಿ ಮುಂದೆ ಹೋದ.

ಅಜ್ಜಿ ಆಗಲೇ ಉಂಗುರ ಕಳಚಿ ಹಿಡಿದಿದ್ದರು. "ಇಲ್ಲಿ ಬಾರವಾ, ಇದನ್ನಷ್ಟ ನೋಡ." ಅವರ ಹಿಂದೆ ಇನ್ನೊಬ್ಬಳು ಮೂಗುತಿ ಬಿಚ್ಚತೊಡಗಿದಳು. ಮತ್ತೊಬ್ಬಳು ತನ್ನ ಪದಕವನ್ನು ಮುಂದೆ ಮಾಡಿದಳು. ನೋಡನೋಡುತ್ತಿದ್ದಂತೆ ಪ್ರಿಯದರ್ಶನಿಯ ಸುತ್ತ ಬಳೆ ತೊಟ್ಟ ಕೈಗಳೇ ತುಂಬಿಕೊಂಡವು. ಅವಳು ತಾಟನ್ನು ಕೆಳಗಿಡಲು ಜಾಗ ಹುಡುಕುತ್ತಿದ್ದಳು.

ರಾಜಮತಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಸೊಸೆಯ ಮೊಣಕೈ ಹಿಡಿದರು. ಅವಳನ್ನು ಒಂದು ಕುರ್ಚಿಯಲ್ಲಿ ಕೂಡಿಸಿ, ಬಡಿಸುವವರನ್ನು ಕರೆದು ಹೋಳಿಗೆಯ ಮೇಲೆ ತುಪ್ಪ ಹಾಕಿಸಿದರು. ಆಮೇಲೆ ಚಾಚಿದ ಕೈಗಳ ಕಡೆಗೆ ತಿರುಗಿದರು.

"ಎಲ್ಲಾರೂ ಸೋಮವಾರದಿಂದ ಗುಜರಿಗೆ ಬರ್ರಿ," ಎಂದರು. "ಈಗ ಆಕಿ ಉಣ್ಣಲಿ."